ಹಾಲು ಮುಟ್ಟದ ಲೋಟ

ಸಾರಕ್ಕಿ
೧೧ ಮಾರ್ಚ್ ೨೦೨೪

ಹೇಮಾ,

ಕಾಗದದಲ್ಲಿ ಮೊದಲು ಎಲ್ಲರ ಕ್ಷೇಮ ಬರೆಯಬೇಕು ಎಂದು ನಮ್ಮ ಮೇಷ್ಟ್ರು ಹೇಳಿಕೊಟ್ಟಿದ್ದರು. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವಳಿಗೆ ಅದೊಂದು ನೆನಪಿದೆ. ಬರೆಯಲು ಹೋದರೆ ಕೈ ಬರುತ್ತಿಲ್ಲ. ಪ್ರಕೃತಿ ಹೇಗಿದ್ದಾಳೆ, ಅದೊಂದು ಹೇಳು.

ನಿನಗೆ ಫೋನ್ ಮಾಡಿದರೆ ಒಂದು ಸಲ ಟುಂಯ್ ಎಂದು ಕಟ್ಟಾಗುತ್ತದೆ. ನೆಟ್‌ವರ್ಕ್ ಇಲ್ಲವೇನೋ ಎಂದು ಹತ್ತು ದಿನ ಒತ್ತಿದೆ. ಕೊನೆಗೆ ನಿನ್ನ ತಮ್ಮ ದೀಪಕ್ ಫೋನ್ ಕಿತ್ತುಕೊಂಡು, "ಅಮ್ಮ, ಅಕ್ಕ ನಿನ್ ನಂಬರ್ ಬ್ಲಾಕ್ ಮಾಡವ್ಳೆ. ಸುಮ್ನೆ ಒತ್ತಬೇಡ" ಎಂದ. ನಿನ್ನ ಮೇಲೆ ಕೋಪ ಬರಲಿಲ್ಲ. ಹೊಟ್ಟೆಯಲ್ಲಿ ಹುಟ್ಟಿದ ಮಗನ ಮುಂದೆ ನಾಚಿಕೆಯಾಯಿತು, ಅಷ್ಟೆ. ಪೋಸ್ಟಾಫೀಸಿಗೆ ಹೋಗಿ ಇನ್‌ಲ್ಯಾಂಡ್ ಲೆಟರ್ ಕೇಳಿದೆ. ವಿಳಾಸ ನೋಡಿ ಕೌಂಟರಿನ ಹುಡುಗಿ, "ಹನುಮಂತನಗರಕ್ಕಾ ಆಂಟಿ? ಬಸ್ಸಲ್ಲಿ ಮುಕ್ಕಾಲು ಗಂಟೆ. ನೀವೇ ಹೋಗ್ಬಹುದಲ್ಲ" ಎಂದಳು. "ಹೋಗ್ಬಹುದು" ಎಂದೆ.

ಆಸ್ಪತ್ರೆಯಲ್ಲಿ ನೀನು ನನ್ನನ್ನು ಗಾಜಿನ ಬಾಗಿಲ ಆಚೆಯೇ ನಿಲ್ಲಿಸಿದೆ. ನಡೆದದ್ದನ್ನು ಹೇಳಲು ಬಿಡಲಿಲ್ಲ. ಅವತ್ತು ಭಾನುವಾರ, ಸ್ಕೂಲ್ ಆಫೀಸಿನಲ್ಲಿ ಪರೀಕ್ಷೆ ಕೆಲಸ ಇದೆ ಎಂದು ನೀನು ಪ್ರಕೃತಿಯನ್ನು ನನ್ನ ಹತ್ತಿರ ಬಿಟ್ಟು ಹೋದೆ. ಮಧ್ಯಾಹ್ನ ನಾವೆಲ್ಲ ಕಾಫಿ ಕುಡಿಯುವಾಗ ಅವಳೂ ಕೇಳಿದಳು. "ಅಜ್ಜಿ, ನಂಗೂ ನೊರೆ ಕಾಫಿ ಬೇಕು. ಒಂದೇ ಒಂದ್ಸಲ." ಒಂಬತ್ತು ವರ್ಷದ ಮಗು, ಎಲ್ಲರ ಬಾಯಿ ನೋಡುತ್ತ ಕೂತಿತ್ತು. ಅವಳಿಗೆ ಹಾಲು ಆಗುವುದಿಲ್ಲ ಎಂದು ಗೊತ್ತಿದ್ದರಿಂದ ತೆಂಗಿನಕಾಯಿ ಹಾಲು ಹಾಕಿ ಮಾಡಿಕೊಟ್ಟೆ. ಲೋಟದಲ್ಲಿ ಹಸುವಿನ ಹಾಲಿನ ಪಸೆ ಉಳಿದಿತ್ತೋ ಏನೋ. ಹತ್ತು ನಿಮಿಷಕ್ಕೆ ತುಟಿ ಊದಿತು, ಆಮೇಲೆ ಉಸಿರು ಸಿಕ್ಕಿಕೊಂಡಿತು. ಮೇಲಿನ ಮನೆಯ ಮರೆಪ್ಪ ಆಟೊ ತೆಗೆಯದಿದ್ದರೆ ಏನಾಗುತ್ತಿತ್ತೋ. ನಿನಗೆ ಎಷ್ಟು ಸಲ ಫೋನ್ ಮಾಡಿದೆ ಎಂದು ನಿನ್ನ ಫೋನಿನಲ್ಲೇ ಇರುತ್ತದೆ.

ಲೋಟ ತೊಳೆದದ್ದು ಸಾಲದೆ ಹೋಯಿತು. ತಪ್ಪಾಯಿತು.

ಅವಳಿಗೆ ಒಂದು ಲೋಟ ಒಳ್ಳೆಯ ಕಾಫಿ, ಹಾಲು ಮುಟ್ಟದ ಕಾಫಿ, ನನ್ನ ಕೈಯಾರೆ ಮಾಡಿ ಕುಡಿಸಬೇಕು ಎಂದು ಗಾಜಿನ ಬಾಗಿಲ ಮುಂದೆ ನಿಂತಾಗಲೇ ಅಂದುಕೊಂಡೆ. ಕಲಿಯುತ್ತಿದ್ದೇನೆ.

ನಿನ್ನ ಅಮ್ಮ
ಮುನಿಲಕ್ಷ್ಮಮ್ಮ

&nbsp;

ಸಾರಕ್ಕಿ
೧ ಏಪ್ರಿಲ್ ೨೦೨೪

ಹೇಮಾ,

ನಿನ್ನಿಂದ ಕಾಗದ ಬರಲಿಲ್ಲ. ಬರುತ್ತದೆ ಎಂದು ಕಾದಿದ್ದೆ ಎಂದು ಬರೆದರೆ ನಿನಗೆ ಸಿಟ್ಟು ಬರಬಹುದು. ಕಾಯಲಿಲ್ಲ ಎಂದರೆ ಸುಳ್ಳಾಗುತ್ತದೆ.

ಹೊಸ ಮಿಕ್ಸಿ ಜಾರ್, ಹೊಸ ಪಾತ್ರೆ, ಸೋಸಲು ಹೊಸ ಬಟ್ಟೆ ತಂದೆ. ಎಲ್ಲವನ್ನೂ ಬೇರೆ ಗೂಡಿನಲ್ಲಿ ಇಟ್ಟಿದ್ದೇನೆ. ದೀಪಕ್‌ನ ಹೆಂಡತಿಗೂ ಮುಟ್ಟಬೇಡ ಎಂದಿದ್ದೇನೆ. ಮಾರ್ಕೆಟ್ಟಿನಲ್ಲಿ ಕಾಯಿ ಮಾರುವ ಶಂಕ್ರವ್ವ ತಟ್ಟಿ ನೋಡಿ ಎರಡು ಬಲಿತ ಕಾಯಿ ಆರಿಸಿಕೊಟ್ಟಳು. ತುರಿದು, ರುಬ್ಬಿ, ಹಿಂಡಿ, ಮೊದಲ ಹಾಲನ್ನು ಬೇರೆ ತೆಗೆದೆ. ಬಣ್ಣ ನೋಡಿದರೆ ನಮ್ಮ ಹಸುವಿನ ಹಾಲೇ. ಇಪ್ಪತ್ತೆಂಟು ವರ್ಷ ಹಾಲು ಮಾರಿದವಳಿಗೆ ಹಾಲು ಎಂದರೆ ಉಕ್ಕುವವರೆಗೆ ಕಾಯಿಸಬೇಕು ಎನ್ನುವುದೊಂದೇ ಗೊತ್ತು. ಕಾಯಿಸಿದೆ. ಬಿಸಿ ಡಿಕಾಕ್ಷನ್ ಬಿಟ್ಟೆ. ಕಣ್ಣೆದುರೇ ಒಡೆದುಹೋಯಿತು. ಮೇಲೆ ಎಣ್ಣೆ, ಕೆಳಗೆ ಕಪ್ಪು ನೀರು, ನಡುವೆ ಬಿಳಿ ಚೂರು. ದೀಪಕ್ ಒಂದು ಗುಟುಕು ಕುಡಿದು, "ಏನಮ್ಮ ಇದು, ಕಾಫಿನೋ ಮೀನ್ ಸಾರೋ?" ಎಂದ. ಎರಡನೇ ದಿನವೂ ಒಡೆಯಿತು. ಮೂರನೇ ದಿನ ಬೆಲ್ಲ ಜಾಸ್ತಿ ಹಾಕಿದೆ. ಇನ್ನೂ ಕೆಟ್ಟಿತು.

ಒಡೆದದ್ದನ್ನು ಚೆಲ್ಲಲು ಮನಸ್ಸು ಬರದೆ ನಾನೇ ಕುಡಿದೆ. ಬಚ್ಚಲ ಕಟ್ಟೆಯ ಮೇಲೆ ಕೂತು ಕುಡಿಯುವಾಗ ಸುಸ್ತಾಗಿ ಅಳು ಬಂತು. ಕಾಫಿಗಾಗಿ ಅತ್ತದ್ದಲ್ಲ. ಈಗ ಒಂದೇ ಹಸು, ಆದರೂ ನಾಲ್ಕು ಗಂಟೆಗೇ ಎಚ್ಚರವಾಗುತ್ತದೆ. ಎದ್ದರೆ ಕಾಲು ಬಾತಿರುತ್ತದೆ, ಹಗಲು ಸಾಗುವುದಿಲ್ಲ.

ಮಗುವಿಗೆ ಯುಗಾದಿಗೆ ಬಟ್ಟೆ ತೆಗೆದಿಟ್ಟಿದ್ದೇನೆ. ಅಂಗಡಿಯ ಕವರಿನಲ್ಲೇ ಇದೆ, ಬಿಚ್ಚಿಲ್ಲ. ದೀಪಕ್ ಕೈಲಿ ಕಳಿಸಲೇ?

ಅಮ್ಮ

&nbsp;

ಹನುಮಂತನಗರ
೧೨ ಏಪ್ರಿಲ್ ೨೦೨೪

ಅಮ್ಮ,

ಎರಡೂ ಕಾಗದ ಬಂದಿವೆ. ಇನ್ನು ಬರೆಯಬೇಡ ಎಂದು ಹೇಳಲು ಇದನ್ನು ಬರೆಯುತ್ತಿದ್ದೇನೆ. ಓದಲು ನನಗೆ ಶಕ್ತಿ ಇಲ್ಲ. ಬಟ್ಟೆ ಕಳಿಸಬೇಡ.

ಪ್ರಕೃತಿ ಚೆನ್ನಾಗಿದ್ದಾಳೆ.

ತೆಂಗಿನ ಹಾಲನ್ನು ಕುದಿಸಬಾರದು.

ಹೇಮಶ್ರೀ

&nbsp;

ಸಾರಕ್ಕಿ
೨೯ ಏಪ್ರಿಲ್ ೨೦೨೪

ಹೇಮಾ,

ಬರೆಯಬೇಡ ಎಂದೆ, ಕುದಿಸಬೇಡ ಎಂದೂ ಅಂದೆ. ಎರಡನೆಯದನ್ನು ಪಾಲಿಸುತ್ತಿದ್ದೇನೆ.

ಕುದಿಸದೆ ಬರಿಯ ಬೆಚ್ಚಗೆ ಮಾಡಿದೆ. ಒಡೆಯುವುದು ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ. ರುಚಿಯೂ ತೆಂಗಿನಕಾಯಿಯದ್ದೇ, ಕಾಫಿ ಎಲ್ಲೋ ಹಿಂದೆ ಉಳಿಯುತ್ತದೆ. ಆಮೇಲೆ ಕಡಲೆಕಾಯಿ ಬೀಜ ನೆನೆಸಿ ರುಬ್ಬಿ ನೋಡಿದೆ. ಹಸಿ ವಾಸನೆ ಗಂಟಲಲ್ಲೇ ನಿಂತಿತು. ದೀಪಕ್‌ನ ಹೆಂಡತಿ ಫೋನಿನಲ್ಲಿ ನೋಡಿ ಓಟ್ಸ್ ತಂದುಕೊಟ್ಟಳು. ಬಿಸಿನೀರಿನಲ್ಲಿ ನೆನೆಸಿ ಹಿಂಡಿದರೆ ಬೆರಳಿನಿಂದ ಲೋಳೆ ಇಳಿಯಿತು, ಬೆಂಡೆಕಾಯಿ ಹೆಚ್ಚಿದ ಹಾಗೆ. ಮರೆಪ್ಪನಿಗೆ ಒಂದು ಲೋಟ ಕೊಟ್ಟೆ. ಪಾಪ, ಪೂರ್ತಿ ಕುಡಿದ. "ಹೆಂಗೈತೆ?" ಎಂದರೆ, "ಬಿಸಿ ಐತಕ್ಕ" ಎಂದ.

ದೀಪಕ್ ಹಸುವನ್ನು ಕೊಟ್ಟುಬಿಡೋಣ ಎನ್ನುತ್ತಾನೆ. ಹಾಗಾದರೆ ಅಕ್ಕ ಮಗುವನ್ನು ಕಳಿಸಬಹುದು ಎಂದು ಅವನ ಲೆಕ್ಕ. ನಾನು ಕೊಡುವುದಿಲ್ಲ ಹೇಮಾ. ನೀನು ಕೇಳಿದರೂ ಕೊಡುವುದಿಲ್ಲ. ಅದು ಏನೂ ಮಾಡಿಲ್ಲ.

ನಿನ್ನ ಕಾಗದ ಆರೇ ಸಾಲಿತ್ತು. "ಪ್ರಕೃತಿ ಚೆನ್ನಾಗಿದ್ದಾಳೆ" ಎಂಬ ಸಾಲನ್ನು ದೀಪಕ್‌ನ ಹೆಂಡತಿಗೂ ಓದಿ ಹೇಳಿದೆ. ನೀನು ಹೇಗಿದ್ದೀಯ ಎಂದು ಅದರಲ್ಲಿ ಇರಲಿಲ್ಲ. ಆಸ್ಪತ್ರೆಯ ಹೊರಗೆ ನೋಡಿದಾಗ ನಿನ್ನ ಕಣ್ಣಿನ ಕೆಳಗೆ ಮಸಿ ಬಳಿದ ಹಾಗಿತ್ತು. ಅಳಿಯಂದಿರಿಗೆ ಪ್ರೆಸ್ಸಿನಲ್ಲಿ ಇನ್ನೂ ಶಿಫ್ಟು ಕೆಲಸವೇ? ಮನೆಯಲ್ಲಿ ನಿನಗೆ ಕೈ ಕೊಡುವವರು ಯಾರು?

ಬೇಡವಾದರೆ ಹರಿದುಹಾಕು.

ಅಮ್ಮ

&nbsp;

ಹನುಮಂತನಗರ
೨೪ ಮೇ ೨೦೨೪

ಅಮ್ಮ,

ಹರಿಯಲಿಲ್ಲ. ಬೇಸಿಗೆ ರಜೆ, ಸ್ಕೂಲ್ ಆಫೀಸಿನಲ್ಲಿ ಅಡ್ಮಿಷನ್ ಗಲಾಟೆ ಮುಗಿದು ಇವತ್ತು ಸ್ವಲ್ಪ ಬಿಡುವಿದೆ. ಬರೆಯಬೇಕೋ ಬೇಡವೋ ಎಂದು ಯೋಚಿಸುವಷ್ಟು ತಲೆ ಓಡುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಓಟ್ಸ್ ಲೋಳೆಯಾಗುವುದು ಬಿಸಿನೀರಿನಿಂದ. ತಣ್ಣೀರಿನಲ್ಲಿ ಅರ್ಧ ನಿಮಿಷ ತಿರುಗಿಸಬೇಕು, ಬಟ್ಟೆ ಹಿಂಡಬಾರದು, ತಾನಾಗಿ ಇಳಿಯಲು ಬಿಡಬೇಕು. ಆದರೂ ಕಾಫಿಗೆ ನೀರುನೀರು. ನಾನು ಮಾಡುವುದು ಗೋಡಂಬಿಯಲ್ಲಿ. ಗೋಡಂಬಿ ಅವಳಿಗೆ ಆಗುತ್ತದೆ, ಪರೀಕ್ಷೆ ಮಾಡಿಸಿದ್ದೇವೆ. ಹನ್ನೆರಡು ಗೋಡಂಬಿಯನ್ನು ಒಂದು ಗಂಟೆ ಬಿಸಿನೀರಿನಲ್ಲಿ ನೆನೆಸಿ, ಬೆರಳಿಗೆ ತರಿ ಸಿಗದ ಹಾಗೆ ರುಬ್ಬಿ, ಒಂದು ಲೋಟ ನೀರು ಸೇರಿಸು. ಅದಕ್ಕೆ ಅರ್ಧ ಲೋಟ ತೆಂಗಿನ ಗಟ್ಟಿ ಹಾಲು. ಡಿಕಾಕ್ಷನ್ನಿನ ಹುಳಿಗೆ ಒಡೆಯದಿರಲು ಒಂದೆರಡು ಕಾಳಿನಷ್ಟು ಅಡುಗೆ ಸೋಡಾ. ಸಣ್ಣ ಉರಿ, ಹಬೆ ಕಂಡ ಕೂಡಲೇ ಇಳಿಸು. ಡಿಕಾಕ್ಷನ್ ಸ್ವಲ್ಪ ಆರಿರಬೇಕು, ಅದನ್ನು ಹಾಲಿಗೆ ನಿಧಾನವಾಗಿ ಬಿಡಬೇಕು. ಎತ್ತರದಿಂದ ನಾಲ್ಕು ಸಲ ಎತ್ತಿ ಹೊಯ್ದರೆ ನೊರೆ ಬರುತ್ತದೆ. ಇದನ್ನು ಕಲಿಯಲು ನನಗೆ ಎರಡು ವರ್ಷ ಹಿಡಿಯಿತು. ನನಗಾಗಿ ಮಾಡಿಕೊಳ್ಳುತ್ತಿದ್ದೆ. ಚಿಕ್ಕ ಹುಡುಗಿಗೆ ಕಾಫಿ ಯಾಕೆ ಎಂದು ಅವಳಿಗೆ ಕೊಟ್ಟಿರಲಿಲ್ಲ. ಅಡುಗೆಮನೆಯಲ್ಲಿ ನಿಂತು ಒಬ್ಬಳೇ ಕುಡಿಯುತ್ತಿದ್ದೆ.

ನೀನು ಕೇಳಿದೆಯಲ್ಲ, ನಾನು ಹೇಗಿದ್ದೀನಿ ಎಂದು. ಸುಸ್ತಾಗಿದ್ದೀನಿ ಅಮ್ಮ. ಆರು ವರ್ಷದಿಂದ ಅಂಗಡಿಯಲ್ಲಿ ಪ್ರತಿ ಪ್ಯಾಕೆಟ್ಟಿನ ಹಿಂಭಾಗ ಓದುತ್ತಿದ್ದೀನಿ. ಬ್ರೆಡ್ಡಿನಲ್ಲಿ ಹಾಲಿನ ಪುಡಿ, ಚಿಪ್ಸಿನ ಮಸಾಲೆಯಲ್ಲೂ ಹಾಲಿನ ಪುಡಿ. ಕ್ಲಾಸಿನಲ್ಲಿ ಯಾರದಾದರೂ ಹುಟ್ಟುಹಬ್ಬ ಎಂದರೆ ಕೇಕ್ ಹಂಚುವ ಮೊದಲೇ ಓಡಿಹೋಗಿ ನಿಲ್ಲುತ್ತೀನಿ. ದೇವಸ್ಥಾನಕ್ಕೆ ಹೋದರೆ ತೀರ್ಥಕ್ಕೆ ಕೈ ಒಡ್ಡುವ ಮೊದಲು ಅದು ಪಂಚಾಮೃತವೋ ಎಂದು ಕೇಳಬೇಕು. ಕೇಳಿದರೆ ಅರ್ಚಕರು ನನ್ನನ್ನು ಒಂಥರಾ ನೋಡುತ್ತಾರೆ. ಸಂಬಂಧಿಕರ ಮನೆಗೆ ಹೋದರಂತೂ ಒಂದೇ ಮಾತು. "ಒಂಚೂರು ಒಂಚೂರು ಕೊಟ್ರೆ ರೂಢಿಯಾಗತ್ತೆ ಬಿಡು." ನೀನೂ ಹೇಳಿದ್ದೆ. ಆಗೆಲ್ಲ ಅವಳಿಗೆ ಬರೀ ದದ್ದು, ವಾಂತಿ ಆಗುತ್ತಿತ್ತು. ಉಸಿರು ಕಟ್ಟಿದ್ದು ಅವತ್ತೇ ಮೊದಲು.

ಈಗ ಒಂದು ಮಾತು ಕೇಳಬೇಕು. ಜಯನಗರದ ಡಾಕ್ಟರಮ್ಮ ಹೇಳಿದರು, ತೊಳೆದ ಲೋಟದಲ್ಲಿ ಉಳಿದ ಪಸೆಯಷ್ಟಕ್ಕೇ ಹೀಗಾಗಿದ್ದರೆ ತುಂಬ ಎಚ್ಚರ ಬೇಕು, ಮೊಸರನ್ನ ತಿನ್ನುವವರ ಪಕ್ಕದಲ್ಲೂ ಕೂರಿಸಬೇಡಿ ಎಂದು. ಅವಳದೂ ನನ್ನ ಸ್ಕೂಲೇ ಅಲ್ಲವೇ, ಮಾರ್ಚಿನಿಂದ ಅವಳಿಗೆ ನನ್ನ ಆಫೀಸಿನಲ್ಲೇ ಊಟ, ಫೈಲುಗಳ ನಡುವೆ. ರಜೆಗೆ ಮುಂಚೆ ಸ್ನೇಹಿತೆಯರು ಕಿಟಕಿಯಿಂದ ಇಣುಕಿ ಹೋಗುತ್ತಿದ್ದರು. ಡ್ಯಾನ್ಸ್ ಕ್ಲಾಸು ಬಿಡಿಸಿದೆ. ಮೈಸೂರಿನ ಟ್ರಿಪ್ಪಿಗೆ ಕಳಿಸಲಿಲ್ಲ. ಬಸ್ಸು ಹೊರಟಾಗ ಗೇಟಿನ ಹತ್ತಿರ ನಿಂತು, "ಅಮ್ಮ, ನಾನೇನ್ ತಪ್ಪು ಮಾಡ್ದೆ?" ಎಂದಳು.

ನಿನ್ನೆ ನಾನು ಕಾಫಿ ಮಾಡುವಾಗ ಅವಳು ಹೇಳಿದಳು, "ಅಜ್ಜಿ ಕಾಫಿ ಇದಕ್ಕಿಂತ ದಪ್ಪ ಇತ್ತು. ಕಾಯಿ ವಾಸ್ನೆ ಇರ್ಲಿಲ್ಲ. ಮೇಲೆ ಕೆನೆ ಇತ್ತು" ಎಂದು. ನಿನ್ನ ಎರಡನೇ ಕಾಗದ ತೆಗೆದು ಮತ್ತೆ ಓದಿದೆ. ತೆಂಗಿನ ಹಾಲಿನ ಕಾಫಿ ಮೂರು ದಿನವೂ ಒಡೆಯಿತು ಎಂದು ನೀನೇ ಬರೆದಿದ್ದೀಯ.

ಹಾಗಾದರೆ ಅವತ್ತು ಒಂದೇ ಸಲಕ್ಕೆ ಅಷ್ಟು ಚೆನ್ನಾಗಿ ಹೇಗೆ ಬಂತು?

ಹೇಮಶ್ರೀ

&nbsp;

ಸಾರಕ್ಕಿ
೯ ಜೂನ್ ೨೦೨೪

ಹೇಮಾ,

ನಿನ್ನ ಕಾಗದ ಬಂದು ಹತ್ತು ದಿನವಾಯಿತು. ಸೆರಗಿನಲ್ಲೇ ಕಟ್ಟಿಕೊಂಡು ತಿರುಗಿದೆ.

ಅವತ್ತು ತೆಂಗಿನ ಹಾಲು ಇರಲಿಲ್ಲ. ಮನೆಯಲ್ಲಿ ತೆಂಗಿನಕಾಯಿಯೇ ಇರಲಿಲ್ಲ.

ಹಸುವಿನ ಹಾಲು ಹಾಕಿದೆ. ಗೊತ್ತಿದ್ದೇ ಹಾಕಿದೆ. ಅರ್ಧ ಲೋಟಕ್ಕೆ ಸ್ವಲ್ಪ ಕಡಿಮೆ, ಬೆಳಗಿನ ಹಾಲು, ಕೆನೆ ಸಮೇತ. ಮೊದಲು ಬರೀ ಡಿಕಾಕ್ಷನ್ ಬೆಲ್ಲ ಹಾಕಿ ಕೊಟ್ಟೆ, ಕಹಿ ಎಂದು ಮುಖ ಹಿಂಡಿದಳು. ಲೋಟ ತೆಗೆದುಕೊಂಡು ಒಳಗೆ ಹೋದೆ. ಪಾತ್ರೆಯ ಮುಚ್ಚಳ ತೆಗೆದು ಒಂದು ಗಳಿಗೆ ನಿಂತೆ. ಆ ಗಳಿಗೆಯಲ್ಲಿ ಯೋಚನೆ ಮಾಡಲಿಲ್ಲ ಎಂದು ಹೇಳುವ ಹಾಗಿಲ್ಲ. ಯೋಚನೆ ಮಾಡಿಯೇ ಹಾಕಿದೆ.

ಅವಳು ಲೋಟ ಹಿಡಿದುಕೊಂಡು ಕೇಳಿದಳು, "ಅಜ್ಜಿ, ಇದ್ರಲ್ಲಿ ಹಾಲಿಲ್ಲ ಅಲ್ವಾ?"

"ಇಲ್ಲ ಚಿನ್ನ, ತೆಂಗಿನಕಾಯಿ ಹಾಲು" ಎಂದೆ.

ಇದನ್ನು ಬರೆದ ಮೇಲೆ ಎದ್ದು ಹೋಗಿ ಮುಖ ತೊಳೆದು ಬಂದೆ.

ಯಾಕೆ ಮಾಡಿದೆ ಎಂದು ಕೇಳುತ್ತೀಯ. ನನಗೂ ಪೂರ್ತಿ ಗೊತ್ತಿಲ್ಲ. ನಿಮ್ಮಪ್ಪ ಹೋದಾಗ ನೀನು ಐದನೇ ಕ್ಲಾಸು, ದೀಪಕ್ ಎರಡನೆಯದು. ಕ್ಯಾನು ಸೈಕಲ್ಲಿಗೆ ಕಟ್ಟಿಕೊಂಡು ಜೆ.ಪಿ. ನಗರದ ಮನೆಮನೆಗೆ ಹಾಲು ಹಾಕಿದೆ. ಬಾಣಂತಿಯರಿಗೆ, ಕೂಸುಗಳಿಗೆ, ಕಾಯಿಲೆಯವರಿಗೆ. ನೀನೂ ಅದೇ ಹಾಲು ಕುಡಿದು ಬೆಳೆದೆ. ಆಮೇಲೆ ನಿನ್ನ ಮಗಳು ಹುಟ್ಟಿದಳು. ಹೋದ ದೀಪಾವಳಿಗೆ ನಾನು ಪಾಯಸದ ಬಟ್ಟಲು ತಂದರೆ, ನೀನು ನೆಂಟರೆಲ್ಲರ ಮುಂದೆ ನನ್ನ ಕೈ ತಳ್ಳಿ, "ಇದು ಅವಳಿಗೆ ವಿಷ, ಎಷ್ಟು ಸಲ ಹೇಳ್ಬೇಕು ನಿಂಗೆ!" ಎಂದೆ. ಬಟ್ಟಲು ಬಿತ್ತು. ನೀನು ಹೇಳಿದ್ದು ಸರಿಯೇ ಇತ್ತು. ನನಗೆ ಮಾತ್ರ ಬೇರೆ ಏನೋ ಕೇಳಿಸಿತು. ಅದು ಎದೆಯಲ್ಲಿ ಕೂತುಬಿಟ್ಟಿತು. ಮಗು ಕುಡಿದು ಏನೂ ಆಗದಿದ್ದರೆ, ಸಂಜೆ ನೀನು ಬಂದಾಗ ಖಾಲಿ ಲೋಟ ತೋರಿಸಿ, "ನೋಡು, ಏನಾಯ್ತು?" ಎನ್ನಬೇಕು ಎಂದಿದ್ದೆ. ನಿನ್ನ ಮೇಲೆ ಗೆಲ್ಲಬೇಕಾಗಿತ್ತು ನನಗೆ. ಅದಕ್ಕೆ ಮಗುವನ್ನು ಉಪಯೋಗಿಸಿದೆ.

ಆಟೊದಲ್ಲಿ ಅವಳ ತುಟಿ ನೀಲಿಯಾಗುವಾಗ ನನ್ನ ತೊಡೆಯ ಮೇಲೇ ಇದ್ದಳು. "ಅಜ್ಜಿ" ಎನ್ನಲು ಅವಳಿಗೆ ಬಾಯಿ ಬರುತ್ತಿರಲಿಲ್ಲ. ಮರೆಪ್ಪ ಹಿಂದೆ ತಿರುಗಿ ತಿರುಗಿ ನೋಡುತ್ತಿದ್ದ. ಆಸ್ಪತ್ರೆಯ ಡಾಕ್ಟರು ಏನು ಕೊಟ್ಟಿರಿ ಎಂದಾಗಲೂ ಲೋಟ ಸರಿಯಾಗಿ ತೊಳೆದಿರಲಿಲ್ಲ ಎಂದೆ. ಬಾಯಿಗೆ ಬಂದ ಸುಳ್ಳು ಅದು. ಹೇಳಿದ ಮೇಲೆ ಅದರಿಂದ ಹೊರಗೆ ಬರಲಾಗಲಿಲ್ಲ.

ನನ್ನ ಸುಳ್ಳಿಗೆ ಮಗು ಫೈಲುಗಳ ನಡುವೆ ಊಟ ಮಾಡುತ್ತಿದೆ ಎಂದು ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಹತ್ತು ದಿನ ತೆಗೆದುಕೊಂಡೆ. ಡಾಕ್ಟರಮ್ಮನಿಗೆ ಈ ಕಾಗದವನ್ನೇ ತೋರಿಸು. ಅರ್ಧ ಲೋಟಕ್ಕೆ ಸ್ವಲ್ಪ ಕಡಿಮೆ ಎಂದು ಹೇಳು. ಮಗುವಿಗೂ ಹೇಳು, ಅವಳದೇನೂ ತಪ್ಪಿಲ್ಲ, ಅವಳು ಕೇಳಿದ್ದಳು, ಅಜ್ಜಿ ಸುಳ್ಳು ಹೇಳಿದಳು ಎಂದು.

ಇನ್ನು ನಾನಾಗಿ ಬರೆಯುವುದಿಲ್ಲ.

ಮುನಿಲಕ್ಷ್ಮಮ್ಮ

&nbsp;

ಹನುಮಂತನಗರ
೩೦ ಜುಲೈ ೨೦೨೪

ಅಮ್ಮ,

ಎಷ್ಟೋ ಕಾಗದ ಬರೆದು ಹರಿದೆ. ಒಂದರಲ್ಲಿ ಬರೀ ಬೈಗುಳ ಇತ್ತು. ಅದನ್ನೇ ಕಳಿಸಬೇಕಿತ್ತು ಎಂದು ಈಗಲೂ ಅನ್ನಿಸುತ್ತದೆ.

ಡಾಕ್ಟರಮ್ಮನಿಗೆ ಹೇಳಿದೆ. ಅವರು ಕನ್ನಡಕ ತೆಗೆದಿಟ್ಟು, "ಇದನ್ನ ಮೊದ್ಲೇ ಹೇಳಿದ್ರೆ ಎಷ್ಟೋ ಅನುಕೂಲ ಆಗ್ತಿತ್ತು" ಎಂದರು. ಹಾಲು ಕುಡಿದರೆ ಈಗಲೂ ಜೀವಕ್ಕೆ ಅಪಾಯವೇ. ಆದರೆ ಪಸೆ ಸೋಕಿದರೆ ಹೀಗಾಗುತ್ತದೆ ಎನ್ನಲು ಆಧಾರವಿಲ್ಲವಂತೆ. ಎಲ್ಲರ ಜೊತೆ ಕೂತು ಅವಳ ಡಬ್ಬಿಯದನ್ನು ಅವಳು ತಿನ್ನಬಹುದು, ಕೈ ತೊಳೆದುಕೊಂಡರೆ ಸಾಕು ಎಂದರು. ಜುಲೈ ಮೊದಲ ವಾರದಿಂದ ಸ್ನೇಹಿತೆಯರ ಜೊತೆ ಬೇವಿನ ಮರದ ಕೆಳಗೆ ಊಟ ಮಾಡುತ್ತಿದ್ದಾಳೆ. ಮೊದಲ ದಿನ ನಾನು ಆಫೀಸಿನ ಕಿಟಕಿಯಿಂದ ನೋಡುತ್ತಲೇ ಇದ್ದೆ. ಊಟ ಮರೆತು ಬರೀ ಮಾತಾಡಿದಳು. ಡಬ್ಬಿ ಹಾಗೇ ವಾಪಸ್ ಬಂತು.

ಅವಳಿಗೆ ಹೇಳಿದೆ. ನೀನು ಬರೆದ ಹಾಗೇ ಹೇಳಿದೆ. "ಅಜ್ಜಿಗೆ ಗೊತ್ತಿತ್ತಾ?" ಎಂದಳು. ಗೊತ್ತಿತ್ತು ಎಂದೆ. ಆಮೇಲೆ ಹೋಂವರ್ಕ್ ಮಾಡಲು ಕೂತಳು. ಆ ವಿಷಯ ಮತ್ತೆ ಎತ್ತಿಲ್ಲ.

ನಿನ್ನ ಅಳಿಯ ಶಶಿಧರ್ ಇನ್ನೂ ನಿನ್ನ ಹೆಸರು ಹೇಳಿದರೆ ಎದ್ದು ಹೋಗುತ್ತಾರೆ. ನನಗೂ ಕ್ಷಮಿಸಲು ಆಗಿಲ್ಲ. ಆಗುತ್ತದೋ ಇಲ್ಲವೋ ಗೊತ್ತಿಲ್ಲ, ನೀನು ಕಾಯುತ್ತಾ ಕೂರಬೇಡ.

ಆದರೆ ನನ್ನದೂ ಒಂದಿದೆ, ಅದನ್ನು ಮುಚ್ಚಿಟ್ಟುಕೊಂಡು ನಿನ್ನನ್ನು ಬೈಯಲು ಬಾಯಿ ಬರುತ್ತಿಲ್ಲ. ಅದಕ್ಕೇ ಆ ಬೈಗುಳದ ಕಾಗದ ಹರಿದದ್ದು.

ಅವತ್ತು ಸ್ಕೂಲಿನಲ್ಲಿ ಕೆಲಸ ಇರಲಿಲ್ಲ. ಮಗುವನ್ನು ನಿನ್ನ ಹತ್ತಿರ ಬಿಟ್ಟು ನಾನು ಮನೆಗೆ ಬಂದು ಮಲಗಿದೆ. ಅಷ್ಟೇ ಬೇಕಾಗಿತ್ತು ನನಗೆ. ಯಾರ ಉಸಿರಿನ ಕಡೆಗೂ ಕಿವಿ ಕೊಡದೆ ನಾಲ್ಕು ಗಂಟೆ ಮಲಗಬೇಕಾಗಿತ್ತು. ಫೋನ್ ಸೈಲೆಂಟ್ ಮಾಡಿ ದಿಂಬಿನ ಕೆಳಗೆ ಇಟ್ಟೆ. ನೀನು ಹದಿನೇಳು ಸಲ ಮಾಡಿದ್ದೆ. ಎದ್ದಾಗ ಆರು ಗಂಟೆ. ಅಷ್ಟು ಚೆನ್ನಾಗಿ ನಿದ್ದೆ ಬಂದಿತ್ತು ಅಮ್ಮ, ಎಷ್ಟೋ ವರ್ಷದ ಮೇಲೆ. ಶಶಿಧರ್‌ಗೂ ಸ್ಕೂಲಿನ ಕೆಲಸದಲ್ಲಿದ್ದೆ ಎಂದೇ ಹೇಳಿದ್ದೀನಿ. ಅವತ್ತಿನಿಂದ ಹಗಲು ಮಲಗಿದರೆ ಪಾಪ ಮಾಡಿದ ಹಾಗಾಗುತ್ತದೆ. ಆಫೀಸಿನಲ್ಲಿ ಕೂತಲ್ಲೇ ಕಣ್ಣು ಮುಚ್ಚಿಹೋಗುತ್ತದೆ, ಬೆಚ್ಚಿ ಎದ್ದು ಫೋನ್ ನೋಡುತ್ತೀನಿ.

ಆಗಸ್ಟ್ ಹದಿನೆಂಟು ಭಾನುವಾರ ಶಶಿಧರ್‌ಗೆ ಡ್ಯೂಟಿ ಇದೆ. ಮಧ್ಯಾಹ್ನ ಬಾ. ನಿನ್ನ ಪಾತ್ರೆ, ಜಾರ್ ಏನೂ ತರಬೇಡ. ಗೋಡಂಬಿ, ಕಾಯಿ ಎಲ್ಲ ಇಲ್ಲಿದೆ. ಹಸುವಿನ ಹತ್ತಿರ ಹೋಗಿ ಬಂದ ಸೀರೆ ಉಡಬೇಡ. ನನ್ನ ಅಡುಗೆಮನೆಯಲ್ಲಿ, ನನ್ನ ಕಣ್ಣೆದುರಿಗೆ ಮಾಡು. ಮಗು ಏನನ್ನುತ್ತಾಳೋ ಗೊತ್ತಿಲ್ಲ. ನೀನು ಬರುತ್ತೀಯ ಎಂದಾಗ ಬೇಡ ಎನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ.

ಹೇಮಾ

&nbsp;

ಸಾರಕ್ಕಿ
೨೦ ಆಗಸ್ಟ್ ೨೦೨೪

ಹೇಮಾ,

ಮೊನ್ನೆ ಹೊರಡುವಾಗ ನೀನು ಇನ್ನೂ ನಿದ್ದೆಗಣ್ಣಲ್ಲಿದ್ದೆ. ಅಳಿಯಂದಿರು ಬರುವ ಹೊತ್ತೂ ಆಗಿತ್ತು. ನೀನು ಮಲಗಿದ್ದಾಗ ಏನೇನಾಯಿತು ಎಂದು ನಿನಗೆ ಗೊತ್ತಿರಬೇಕು. ಇನ್ನು ಮೇಲೆ ಆ ಮಗುವಿನ ವಿಷಯದಲ್ಲಿ ನಿನಗೆ ಗೊತ್ತಿಲ್ಲದ್ದು ನನ್ನ ಹತ್ತಿರ ಇರಬಾರದು.

ಕಾಫಿ ಮಾಡುವಾಗ ನೀನು ಪಕ್ಕದಲ್ಲೇ ನಿಂತು ನನ್ನ ಕೈಯನ್ನೇ ನೋಡುತ್ತಿದ್ದೆ. ಎರಡು ಸಲ ಕೈ ತೊಳೆಸಿದೆ. ಬೇಜಾರಾಗಲಿಲ್ಲ. ಮಗು ಬಾಗಿಲಿನಲ್ಲಿ ನಿಂತಿದ್ದಳು, ಒಂದು ಕಾಲು ಒಳಗೆ, ಒಂದು ಹೊರಗೆ. ಎಷ್ಟು ಉದ್ದ ಆಗಿದ್ದಾಳೆ! ಕಾಫಿ ಒಡೆಯಲಿಲ್ಲ. ಎತ್ತಿ ಹೊಯ್ದಾಗ ನೊರೆಯೂ ನಿಂತಿತು. ಈ ಆರು ತಿಂಗಳಲ್ಲಿ ಅಷ್ಟು ಚೆನ್ನಾಗಿ ಎಂದೂ ಬಂದಿರಲಿಲ್ಲ. ನಾನು ಕುಡಿದೆ, ನೀನು ಕುಡಿದೆ, ಆಮೇಲೆ ಅವಳ ಮುಂದೆ ಲೋಟ ಇಟ್ಟೆ. ಅವಳು ಬಗ್ಗಿ ಮೂಸಿ ನೋಡಿದಳು. ನನ್ನ ಮುಖ ನೋಡಿದಳು.

"ನಂಗೆ ಬೇಡ ಅಜ್ಜಿ."

"ಒಂದ್ ಗುಟುಕು ಕುಡಿಯೇ, ನಾನೇ ಇದ್ದೀನಲ್ಲ" ಎಂದೆ ನೀನು. ನಾನೇ ಬೇಡ ಎಂದು ಲೋಟ ಈಚೆಗೆ ತೆಗೆದುಕೊಂಡೆ. ನನ್ನ ಮುಖ ಸಣ್ಣದಾಯಿತು ಎಂದು ನೀನು ಅವಳಿಗೆ ಬಲವಂತ ಮಾಡಿದೆ. ಇನ್ನೊಂದು ಸಲ ಹಾಗೆ ಮಾಡಬೇಡ. ಯಾರು ಕೊಟ್ಟರೂ ಅವಳಿಗೆ ಅನುಮಾನ ಬಂದರೆ ಬೇಡ ಎನ್ನಲಿ. ನನ್ನ ಕೈಯಿಂದಂತೂ ಎನ್ನಲೇಬೇಕು. ನಾನು ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳುತ್ತೇನೆ, ಅದು ನನ್ನ ಪಾಡು.

ಅವಳ ಲೋಟವನ್ನೂ ನೀನೇ ಕುಡಿದೆ. ದಿವಾನದ ಮೇಲೆ ಒರಗಿಕೊಂಡು, "ಐದ್ ನಿಮಿಷ ಅಮ್ಮ" ಎಂದೆ. ಫೋನ್ ಕೈಯಲ್ಲೇ ಹಿಡಿದಿದ್ದೆ. ನಾನು ಮುಟ್ಟಲಿಲ್ಲ. ಸ್ವಲ್ಪ ಹೊತ್ತಿಗೆ ಅದೇ ನಿನ್ನ ಕೈಯಿಂದ ಜಾರಿ ಕೆಳಗೆ ಬಿತ್ತು. ನಿನಗೆ ಎಚ್ಚರವಾಗಲಿಲ್ಲ. ಮಗು ಎತ್ತಿ ಟೇಬಲ್ಲಿನ ಮೇಲಿಟ್ಟು, ಬೆರಳು ತುಟಿಯ ಮೇಲಿಟ್ಟುಕೊಂಡು ನನಗೆ ಸುಮ್ಮನಿರು ಎಂದು ಸನ್ನೆ ಮಾಡಿದಳು.

ನಾವಿಬ್ಬರೂ ಅಡುಗೆಮನೆಯ ನೆಲದ ಮೇಲೆ ಕೂತೆವು. ಆಮೇಲೆ ಅವಳೇ ಪಿಸುಗುಟ್ಟಿದಳು, "ಯಾಕ್ ಅಜ್ಜಿ ಸುಳ್ಳು ಹೇಳ್ದೆ?"

"ನಿಮ್ಮಮ್ಮನ ಮೇಲೆ ಸಿಟ್ಟಿತ್ತು ಕಣೆ. ನನ್ ಮಾತೇ ಸರಿ ಅಂತ ತೋರ್ಸ್ಬೇಕಾಗಿತ್ತು."

"ನಂಗೆ ಉಸಿರಾಡಕ್ಕೇ ಆಗ್ತಿರ್ಲಿಲ್ಲ."

"ಗೊತ್ತು. ನಾನೇ ನೋಡ್ದೆ."

"ಮತ್ತೆ ಹಂಗ್ ಮಾಡ್ತೀಯಾ?"

"ಇಲ್ಲ" ಎಂದೆ. ಆಣೆ ಇಡಲಿಲ್ಲ. ನನ್ನ ಆಣೆಗೆ ಅವಳ ಹತ್ತಿರ ಬೆಲೆ ಇರಬೇಕಲ್ಲ.

ಎದ್ದು ಹೋಗಿ ಒಂದು ಡಬ್ಬಿ ತಂದಳು. ಅದರಲ್ಲಿ ಉಸಿರು ಕಟ್ಟಿದಾಗ ಚುಚ್ಚಲು ಡಾಕ್ಟರಮ್ಮ ಈಗ ಬರೆದುಕೊಟ್ಟಿರುವ ಇಂಜೆಕ್ಷನ್ ಪೆನ್ನು, ಜೊತೆಗೆ ಕಲಿಯಲು ಇನ್ನೊಂದು, ಸೂಜಿ ಇಲ್ಲದ್ದು. ಸೂಜಿ ಇಲ್ಲದ್ದನ್ನು ನನ್ನ ಕೈಗೆ ಕೊಟ್ಟು, ಮೇಷ್ಟ್ರ ಹಾಗೆ ಹೇಳಿಕೊಟ್ಟಳು. ಮುಚ್ಚಳ ತೆಗೆಯಬೇಕು. ಮುಷ್ಟಿಯಲ್ಲಿ ಹಿಡಿಯಬೇಕು, ಹೆಬ್ಬೆರಳು ತುದಿಗೆ ಬರಬಾರದು. ತೊಡೆಯ ಹೊರಮಗ್ಗುಲಿಗೆ ಒತ್ತಬೇಕು, ಬಟ್ಟೆಯ ಮೇಲಿಂದಲೂ ಆಗುತ್ತದೆ. ಹತ್ತು ಎಣಿಸುವವರೆಗೆ ತೆಗೆಯಬಾರದು. ಆಮೇಲೆ ಆ ಕ್ಷಣವೇ ಆಸ್ಪತ್ರೆ. ನಾನು ಮೊದಲ ಸಲ ಹೆಬ್ಬೆರಳು ತುದಿಗೆ ಇಟ್ಟೆ. "ತಪ್ಪು" ಎಂದಳು. ಎರಡನೇ ಸಲ ಆರಕ್ಕೇ ತೆಗೆದೆ. "ತಪ್ಪು. ಇನ್ನೊಂದ್ಸಲ." ಅವಳ ಕಾಲಿಗೆ ಒತ್ತಲು ಧೈರ್ಯ ಸಾಲದೆ ನನ್ನ ಕಾಲಿಗೇ ಒತ್ತಿಕೊಂಡು ಕಲಿತೆ. ಏಳನೇ ಸಲಕ್ಕೋ ಎಂಟನೇ ಸಲಕ್ಕೋ ಸರಿಯಾಯಿತು. ಆಮೇಲೆ ಅವಳೇ ತನ್ನ ಕಾಲು ಚಾಚಿ ನನ್ನ ತೊಡೆಯ ಮೇಲಿಟ್ಟು, "ಈಗ ನಂಗೆ ಮಾಡು" ಎಂದಳು. ಮಾಡಿದೆ. ಇಬ್ಬರೂ ಪಿಸುಮಾತಿನಲ್ಲೇ ಹತ್ತರವರೆಗೆ ಎಣಿಸಿದೆವು.

ಕಾಲನ್ನು ಕೂಡಲೇ ತೆಗೆಯಲಿಲ್ಲ ಅವಳು. ಸ್ವಲ್ಪ ಹೊತ್ತು ಹಾಗೇ ಇತ್ತು.

ಹೊರಗೆ ಬಂದು ನಿನ್ನನ್ನು ನೋಡಿದೆವು. ಬಾಯಿ ಸ್ವಲ್ಪ ತೆರೆದುಕೊಂಡು, ಒಂದು ಕೈ ಕೆಳಗೆ ಇಳಿಬಿಟ್ಟುಕೊಂಡು ಮಲಗಿದ್ದೆ. ಐದೂವರೆ ದಾಟಿತ್ತು. "ಎಬ್ಬಿಸ್ಲಾ ಅಜ್ಜಿ?" ಎಂದಳು. "ನೀನೇ ಹೇಳು, ನಿಮ್ಮಮ್ಮ ತಾನೆ" ಎಂದೆ. ಅವಳು ಯೋಚಿಸಿದಳು. ಆಮೇಲೆ ಕಿಟಕಿಯ ಪರದೆ ಎಳೆದು ಬಂದು ನನ್ನ ಪಕ್ಕದಲ್ಲಿ ಕೂತಳು, ನಡುವೆ ಒಂದು ಗೇಣು ಜಾಗ ಬಿಟ್ಟು.

ನೀನಾಗಿ ಏಳುವವರೆಗೆ ನಾವಿಬ್ಬರೂ ಅಲ್ಲೇ ಕೂತಿದ್ದೆವು.

ನಿನ್ನ ಅಮ್ಮ